ಬೆಟ್ಟದ ಮೇಲೊಂದು ಬಟ್ಟೆಯ ಮನೆ

ಒಳ್ಳೆಯ ಸುದ್ದಿಗೆ ತಾಳ್ಮೆ ಇರುತ್ತದೆ. ನಾವು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಒಲೆ ಸಣ್ಣಗೆ ಮಾಡಿ ಬರುವವರೆಗೂ ಅದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಿರುತ್ತದೆ. ಗಾಬರಿ ಹುಟ್ಟಿಸುವ ಸುದ್ದಿಗೆ ಆ ಸಂಸ್ಕಾರವಿಲ್ಲ. ಅದು ನೇರವಾಗಿ ಅಡುಗೆಮನೆಗೇ ನುಗ್ಗುತ್ತದೆ, ಅದೂ ಎರಡು ಕೈಯೂ ಕೆಲಸದಲ್ಲಿ ಮುಳುಗಿರುವಾಗ. ಆ ಭಾನುವಾರ ನನ್ನ ಕೈಗಳು ನೆನೆಸಿದ ಅವರೆಕಾಳಿನ ಬೋಗುಣಿಯಲ್ಲಿದ್ದವು. ಅವರೆಕಾಳು ಹಿದುಕುವುದು ನೋಡುವವರಿಗೆ ಸುಲಭದ ಕೆಲಸ. ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆತ್ತಗೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಬೀಳಬೇಕು. ಮನಸ್ಸು ನೆಟ್ಟಗಿದ್ದರೆ ಬೀಳುತ್ತದೆ. ಮನಸ್ಸು ಆಚೀಚೆ ಆದರೆ ಬೇಳೆ ಎಲ್ಲಿಗೆ ಹಾರೀತೆಂದು ಹೇಳಲಾಗದು.

ಬಂಗಾರಪೇಟೆಗೆ ಕೊಟ್ಟಿರುವ ನನ್ನ ಮಗಳು ಸುಮತಿ ಅಂದು ಬೆಳಿಗ್ಗೆಯೇ ಬಂದಿದ್ದಳು. ಅಲ್ಲಿಯ ಒಂದು ಶಾಲೆಯಲ್ಲಿ ಮೇಡಂ ಆಗಿರುವುದರಿಂದ ಅವಳಿಗೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದ ಹಾಗೆ ಹೇಳುವ ಅಭ್ಯಾಸ. ಫೋನು ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು. ಹಿಂದೆ ನಮ್ಮನೆಯವರು. ಅವರ ಮುಖದಲ್ಲಿ, ಕದ್ದು ಬೆಲ್ಲ ತಿಂದವರ ನಗು.

"ಅಮ್ಮಾ, ಬೇಸಿಗೆ ರಜಕ್ಕೆ ನಾವೆಲ್ಲಾ ಹಿಮಾಚಲಕ್ಕೆ ಓಗ್ತಿದ್ದೀವಿ. ನೀನು, ಅಪ್ಪ, ನಾನು, ನಮ್ಮನೆಯೋರು. ಬೆಟ್ಟದ್ ಮೇಲೆ ಟೆಂಟಲ್ಲಿ ಇರೋದು."

"ಎಷ್ಟು ಮೇಲೆ?" ಎಂದೆ. ಯಾಕೆ ಎಂದು ಕೇಳಬೇಕಿತ್ತು, ಯಾವಾಗ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಅದೊಂದೇ.

"ಅನ್ನೆರಡು ಸಾವಿರ ಅಡಿ!" ಎಂದರು ನಮ್ಮನೆಯವರು, ಆ ಬೆಟ್ಟವನ್ನು ತಾವೇ ಕಟ್ಟಿಸಿದ ಹಾಗೆ.

ನನ್ನ ಬೆರಳ ಸಂದಿಯಲ್ಲಿದ್ದ ಬೇಳೆ ಹಾರಿ ಅವರ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಒಡೆಯಲಿಲ್ಲ. ಅದು ಗಂಗಮ್ಮ ತಾಯಿಯ ದಯೆ.

ಪ್ರತಿ ಮನೆಯಲ್ಲೂ ಒಬ್ಬರು ದುಡಿಯುತ್ತಾರೆ, ಒಬ್ಬರು ಮಾತಾಡುತ್ತಾರೆ, ಒಬ್ಬರು ಹೆದರುತ್ತಾರೆ. ನಮ್ಮನೆಯಲ್ಲಿ ಹೆದರುವ ಕೆಲಸ ನನ್ನದು. ಅದನ್ನು ನಾನು ಬೇಡಿ ತೆಗೆದುಕೊಂಡದ್ದಲ್ಲ. ನಮ್ಮದು ಉರಿಗಾಂನ ಲೈನು ಮನೆ, ಗಣಿ ಕೆಲಸದವರಿಗೆಂದು ಒಂದೇ ಗೋಡೆಗೆ ಸಾಲಾಗಿ ಅಂಟಿಸಿ ಕಟ್ಟಿದ ಮನೆಗಳಲ್ಲಿ ಒಂದು. ನಾನು ಮದುವೆಯಾಗಿ ಬಂದಾಗ ಇವರು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಗೆ ಇಳಿಯುತ್ತಿದ್ದರು. ಕೆಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ನಾಗೊಂದಿಗೆಯ ಮೇಲಿನ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಆಗ ಲೈನಿನ ಹೆಂಗಸರೆಲ್ಲ ಕೈಯಲ್ಲಿದ್ದ ಸೌಟು, ಪೊರಕೆ, ಕೂಸು ಯಾವುದಿದ್ದರೆ ಅದರ ಸಮೇತ ಹೊರಗೆ ಬಂದು ನಿಲ್ಲುವುದು. ಯಾರೂ ಮಾತಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಒಬ್ಬರ ಗಂಡನ ಹೆಸರನ್ನು ಇನ್ನೊಬ್ಬರು ಎತ್ತಬಾರದು ಅಂತ ಒಂದು ಕಟ್ಟಳೆ. ಶಿಫ್ಟು ಮುಗಿಸಿ ಮನುಷ್ಯ ಬಾಗಿಲಿಗೆ ಬಂದ ಮೇಲೂ "ಬಂದ್ರಾ?" ಎಂದು ಕೇಳಬಾರದು, ನೀರು ಕೊಡಬೇಕು ಅಷ್ಟೆ. ಗಣಿ ಮುಚ್ಚಿತು. ಆಮೇಲೆ ನನ್ನ ಮಗಳು ನಡೆಯುವುದನ್ನು ಕಲಿತು, ಓದಿ, ಮದುವೆಯಾಗಿ ಹೋದಳು. ಆದರೂ ಪಾತ್ರೆ ಸದ್ದಾದರೆ ನನ್ನ ಕಣ್ಣು ಇವತ್ತಿಗೂ ಬಾಗಿಲ ಕಡೆಗೇ ಹೋಗುತ್ತದೆ. ಬೆಕ್ಕಿಗೆ ಗೊತ್ತು ಅದು. ನಾನು ಬಾಗಿಲು ನೋಡುವಷ್ಟರಲ್ಲಿ ಹಾಲು ಕುಡಿದು ಮುಗಿಸಿರುತ್ತದೆ.

ಗಣಿ ಮುಚ್ಚಿದ ಮೇಲೆ ಇವರು ಬೆಂಗಳೂರಿನ ಒಂದು ಕಾರ್ಖಾನೆಯ ಸ್ಟೋರಿಗೆ ಸೇರಿ ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿಕೊಂಡು ದಿನಾ ರೈಲಿನಲ್ಲಿ ಓಡಾಡುವವರಾದರು. ಗಣಿ ಇವರನ್ನು ಬಿಟ್ಟಿತು, ಗಣಿಯ ದೂಳು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಒಂದು ಕೆಮ್ಮು ಇದೆ. ಕೋಳಿ ಕೂಗದಿದ್ದರೂ ಲೈನಿನವರು ಆ ಕೆಮ್ಮಿಗೆ ಏಳುತ್ತಾರೆ. "ಸ್ವಲ್ಪ ದೂಳು ಎದೇಲಿ ಕೂತಿದೆ, ಜೋಪಾನ" ಎಂದು ಹಿಂದೆಯೇ ಒಬ್ಬ ಡಾಕ್ಟರು ಹೇಳಿದ್ದರು. ಅಂಥ ಎದೆಯನ್ನು ಗಾಳಿಯೇ ಸಾಲದ ಜಾಗಕ್ಕೆ ಹೊತ್ತುಕೊಂಡು ಹೋಗಬೇಕಂತೆ, ಅದೂ ಸಂತೋಷಕ್ಕೆ!

ಸುಮತಿ ಫೋನಿನಲ್ಲಿ ಟೆಂಟಿನ ಚಿತ್ರ ತೋರಿಸಿದಳು. ಟೆಂಟು ಅಂದರೆ ನನ್ನ ಮನಸ್ಸಿನಲ್ಲಿದ್ದುದು ಸರ್ಕಸ್ಸು, ಇಲ್ಲವೇ ಸಂತೆಯಲ್ಲಿ ಬಳೆಗಾರ ಕಟ್ಟುವ ಗುಡಾರ. ಇದರೊಳಗೆ ಮಂಚ ಇತ್ತು. ಮಂಚದ ಮೇಲೆ ಬಿಳಿ ಹಾಸಿಗೆ, ಎರಡು ಕಡೆ ದೀಪ, ನೆಲಕ್ಕೆ ಜಮಖಾನ, ಮೂಲೆಯಲ್ಲಿ ನಿಲುವುಗನ್ನಡಿ. ಪರದೆ ಸರಿಸಿದರೆ ಬಿಸಿನೀರು ಬರುವ ಬಚ್ಚಲು. "ಇದನ್ನ ಗ್ಲ್ಯಾಂಪಿಂಗ್ ಅಂತಾರಮ್ಮ. ಬಯಲಲ್ಲಿ ಇದ್ದಂಗೂ ಇರ್ತದೆ, ಸುಖವಾಗಿದ್ದಂಗೂ ಇರ್ತದೆ" ಎಂದಳು ಮೇಡಂ. ನಾನು ಆ ಬಚ್ಚಲನ್ನು ಬಹಳ ಹೊತ್ತು ನೋಡಿದೆ. ನಮ್ಮ ಲೈನಿನಲ್ಲಿ ಬಚ್ಚಲು ಮನೆಯಿಂದಾಚೆ ಅಂಗಳದ ತುದಿಯಲ್ಲಿದೆ. ಮಳೆ ಬಂದರೆ ಛತ್ರಿ ಹಿಡಿದೇ ಹೋಗಬೇಕು. ನಮ್ಮ ಮಾವನವರು ಮನೆಯೊಳಗೊಂದು ಬಚ್ಚಲು ಆಗಲಿ ಎಂದು ಜೀವಮಾನವೆಲ್ಲ ಆಸೆಪಟ್ಟು ಹೋದರು. ಬಟ್ಟೆಯ ಮನೆಗೆ ಸಿಕ್ಕ ಭಾಗ್ಯ ಕಲ್ಲಿನ ಮನೆಗೆ ಸಿಕ್ಕಿರಲಿಲ್ಲ.

"ಗಾಳಿ ಬೀಸಿದ್ರೆ?" ಎಂದೆ.

"ಗಟ್ಟಿಯಾಗಿ ಕಟ್ಟಿರ್ತಾರಮ್ಮ."

"ಹಿಮ ಬಿದ್ದರೆ?"

"ಆಗ ಇನ್ನೂ ಚೆನ್ನಾಗಿರ್ತದೆ!" ಎಂದರು ಇವರು.

ಗೋಡೆಯಾಚೆಯಿಂದ ನಗು ಕೇಳಿಸಿತು. ಪಕ್ಕದ ಮನೆಯ ಸೆಲ್ವಿಯದು. ನಮ್ಮ ಎರಡು ಮನೆಗೂ ಒಂದೇ ಗೋಡೆಯಾದ್ದರಿಂದ, ನಾವು ಸೆಲ್ವಿಗೆ ಯಾವುದನ್ನೂ ಎರಡು ಸಲ ಹೇಳುವ ಅಗತ್ಯವಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು. "ಯಾಕಕ್ಕಾ ಭಯ ಬೀಳ್ತೀಯಾ? ನಮ್ ತಾತನ್ ಕಾಲ್ದಲ್ಲಿ ಈ ಲೈನೆಲ್ಲಾ ಬಿದ್ರು ತಟ್ಟಿ ಮನೆ ತಾನೇ? ಗಾಳಿ ಬಂದ್ರೆ ಒಂದ್ ಮೂಲೆ ಅಜ್ಜಿ ಇಡ್ಕೊಳ್ಳೋದಂತೆ, ಒಂದ್ ಮೂಲೆ ತಾತ. ನೀನೂ ಅಣ್ಣನೂ ಆ ಥರ ಇಡ್ಕೊಳ್ಳಿ, ಅವ್ಳೋದಾನ್!" ಅಷ್ಟೇ ತಾನೇ ಎಂದು ಕೈ ಕೊಡವಿ, ಹಿದುಕಿದ ಬೇಳೆಯಲ್ಲಿ ಒಂದು ಹಿಡಿ ತೆಗೆದುಕೊಂಡು ಹೋದಳು.

ಆಮೇಲೆ ನಾನೂ ಇವರೂ ಇಬ್ಬರೇ ಇದ್ದಾಗ ಕೇಳಿದೆ, "ನಿಮಗೆ ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು?" ಇವರು ಕನ್ನಡಕ ಒರೆಸಿದರು. "ನಮ್ಮಪ್ಪ ಬದುಕಿರೋಗಂಟ ಕೆಳಕ್ಕೇ ಓದ. ನಾನೂ ಕೆಳಕ್ಕೇ ಓದೆ. ಒಂದ್ ಸಲ ಮೇಲಕ್ಕೋಗಿ ನೋಡಾನ ಅಂತ, ಅಷ್ಟೇ ಸರೋಜಾ" ಎಂದರು. ಜಗಳವಾಡುವವರ ಜೊತೆ ಜಗಳವಾಡಬಹುದು. ಹೀಗೆ ಮೆಲ್ಲಗೆ ಮಾತಾಡಿಬಿಡುವವರ ಜೊತೆ ಸಂಸಾರ ಮಾಡುವುದು ಕಷ್ಟ. ಆದ್ದರಿಂದ ಇವರ ಎದುರು "ಆಯ್ತು" ಎಂದೆ. ಹಿಂದಿನಿಂದ ದೇವರ ಹತ್ತಿರ ಹೋದೆ.

ಅಲ್ಲಿ ಶುರುವಾಯಿತು ನಿಜವಾದ ತೊಂದರೆ. ಶಿವನ ಪಟದ ಮುಂದೆ ಕೂತು "ಈ ಬೆಟ್ಟದ ಪ್ರಯಾಣ ತಪ್ಪಿಸಪ್ಪಾ" ಎನ್ನಲು ಹೊರಟವಳಿಗೆ ನಾಲಿಗೆ ತಡೆಯಿತು. ಆತನ ಮನೆ ಇರುವುದೇ ಅಲ್ಲಿ. ಪಾರ್ವತಿಗಂತೂ ಅದು ತವರು. ತವರಿನ ಮೇಲೆ ಚಾಡಿ ಹೇಳಿದರೆ ಯಾವ ಹೆಣ್ಣು ತಾನೇ ಕೇಳಿಸಿಕೊಳ್ಳುತ್ತಾಳೆ? ವೆಂಕಟರಮಣಸ್ವಾಮಿ ಏಳು ಬೆಟ್ಟ ಹತ್ತಿಸಿದ ಮೇಲೇ ಮುಖ ತೋರಿಸುವವನು. ಆಂಜನೇಯನೋ, ಬೆಟ್ಟವನ್ನೇ ಕಿತ್ತು ಅಂಗೈಯಲ್ಲಿಟ್ಟುಕೊಂಡು ಹಾರಿದವನು, ಅದೂ ಹಿಮಾಲಯದ್ದೇ. ಸೆಲ್ವಿಯ ಮುರುಗನ್‌ಗೆ ಎಲ್ಲಿ ಒಂದು ಗುಡ್ಡ ಕಂಡರೂ ಅಲ್ಲೊಂದು ಗುಡಿ. ಸಮತಟ್ಟಾದ ನೆಲದಲ್ಲಿ ನೆಮ್ಮದಿಯಾಗಿ ಕೂತಿರುವ ದೇವರು ಒಬ್ಬರೂ ಇಲ್ಲವೇ ಎಂದು ನನಗೆ ಅಳುವೇ ಬಂತು. ಕೊನೆಗೆ ನೆನಪಾದವಳು ನನ್ನ ತವರೂರಿನ ಗಂಗಮ್ಮ. ಬಂಗಾರಪೇಟೆಯಾಚೆ ನಮ್ಮ ಹಳ್ಳಿಯ ಕೆರೆ ಏರಿಯ ಕೆಳಗೆ, ಹೊಂಗೆ ಮರದ ನೆರಳಲ್ಲಿ, ಮೂರು ಕಲ್ಲಿನ ಗುಡಿ. ಅದಕ್ಕಿಂತ ತಗ್ಗಿನ ಜಾಗ ಆ ಊರಿನಲ್ಲೇ ಇಲ್ಲ. ನನ್ನ ಕಷ್ಟ ಅರ್ಥವಾಗುವುದಿದ್ದರೆ ಅವಳಿಗೇ ಆಗಬೇಕು.

ಹರಕೆ ಹೊರುವುದಕ್ಕೆ ಒಂದು ಜಾಣತನ ಬೇಕು. ಸುಮ್ಮನೆ "ಪ್ರಯಾಣ ನಿಲ್ಲಿಸು" ಅಂದುಬಿಟ್ಟರೆ ದೇವಿ ಯಾವ ದಾರಿಯಲ್ಲಾದರೂ ನಿಲ್ಲಿಸಿಯಾಳು. ಕಾಲು ಮುರಿದರೂ ಪ್ರಯಾಣ ನಿಲ್ಲುತ್ತದೆ. ಆದ್ದರಿಂದ ನಾನು ಬಿಡಿಸಿ ಹೇಳಿದೆ: ತಾಯೀ, ಜ್ವರ ಬೇಡ, ಏಟು ಬೇಡ, ಯಾರ ಮನೆಯಲ್ಲೂ ಕೆಟ್ಟದ್ದು ಬೇಡ. ಅಡ್ಡಿ ಸಣ್ಣದಾಗಿರಲಿ. ರಜೆ ಸಿಗದಂತೆ ಆಗಲಿ, ಇಲ್ಲವೇ ಟಿಕೆಟ್ಟು ಸಿಗದಿರಲಿ. ಯಾರಿಗೂ ನೋವಾಗಬಾರದು, ಆದರೆ ಯಾರೂ ಹೋಗಬಾರದು. ನಡೆಸಿಕೊಟ್ಟರೆ ತಂಬಿಟ್ಟಿನ ದೀಪ ಹೊತ್ತು ಬರುತ್ತೇನೆ. ಅಲ್ಲಿಯವರೆಗೆ ಉಪವಾಸ ಇರುತ್ತೇನೆ.

ಶನಿವಾರದ ಒಪ್ಪತ್ತು ನಮ್ಮಮ್ಮನ ಕಾಲದಿಂದ ಬಂದದ್ದು, ಅದಿದ್ದೇ ಇತ್ತು. ಅದಕ್ಕೆ ಗಂಗಮ್ಮನಿಗಾಗಿ ಮಂಗಳವಾರ, ಶುಕ್ರವಾರ ಸೇರಿದವು. ಶಿವ ಬೇಜಾರು ಮಾಡಿಕೊಳ್ಳಬಾರದೆಂದು ಸೋಮವಾರವೂ ಸೇರಿತು. ಉಪವಾಸ ಅಂದರೆ ನಾನೇನು ತಪಸ್ವಿನಿಯಲ್ಲ, ಕಾಫಿ ಕುಡಿಯುತ್ತಿದ್ದೆ. ಹಸಿವಾದಾಗಲೆಲ್ಲ ಕುಡಿಯುತ್ತಿದ್ದೆ. ಸೆಲ್ವಿ ಡಿಕಾಕ್ಷನ್ನಿನ ವಾಸನೆ ಹಿಡಿದು ಬಂದು, ವಿಷಯ ಬಾಯಿಬಿಡಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಕ್ಕಾ, ಒಂದ್ ಮಾತ್ ಕೇಳ್ತೀನಿ. ಗಂಗೆ ಎಲ್ಲಿಂದಕ್ಕಾ ಬರೋದು? ಹಿಮಾಲಯದಿಂದ ತಾನೇ? ಅವಳ ಅತ್ರಾನೇ ಓಗಿ ಹಿಮಾಲಯಕ್ಕೆ ಅಡ್ಡ ಆಕಮ್ಮಾ ಅಂತೀಯಲ್ಲ!" ಅದು ನನಗೆ ಹೊಳೆದೇ ಇರಲಿಲ್ಲ. ಆದರೆ ಹೊತ್ತ ಹರಕೆಯನ್ನು ನಡುವೆ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ಇನ್ನೊಂದು ಲೋಟ ಕಾಫಿ ಕುಡಿದು ಮುಂದುವರಿಸಿದೆ.

ಮೇಲುನೋಟಕ್ಕೆ ನಾನು ಪ್ರಯಾಣದ ಸಿದ್ಧತೆಯಲ್ಲೇ ಇದ್ದೆ. ಒಂದು ಪ್ರಯಾಣವನ್ನು ನಿಲ್ಲಿಸಬೇಕಾದರೆ ಅದಕ್ಕೆ ಪೂರ್ತಿಯಾಗಿ ಸಿದ್ಧರಾಗುವುದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಅನುಭವ. ಸುಮತಿ ಪ್ರತಿ ವಾರ ಫೋನು ಮಾಡಿದಾಗಲೂ ಕೊಂಡೊಯ್ಯುವ ಸಾಮಾನಿಗೆ ಒಂದೊಂದು ಸೇರಿಸುತ್ತಿದ್ದೆ. ರಾಗಿ ಹಿಟ್ಟು. ಹುರಿಹಿಟ್ಟು. ಮುದ್ದೆ ಕೋಲು. "ಮುದ್ದೆ ಕೋಲಾ? ಅಲ್ಲಿ ಊಟ ಅವರೇ ಕೊಡ್ತಾರಮ್ಮ!" ಎಂದಳು. "ಅವರು ಮುದ್ದೆ ಕೊಡ್ತಾರಾ?" "ಇಲ್ಲ." "ಮತ್ತೆ?" ಮುದ್ದೆ ಕೋಲು ಉಳಿಯಿತು. ಕರ್ಪೂರ, ಓಂಕಾಳು, ನೀಲಗಿರಿ ಎಣ್ಣೆ, ಕಿವಿ ಮುಚ್ಚುವ ಟೋಪಿ, ಆ ಟೋಪಿಯ ಮೇಲೆ ಸುತ್ತಲು ಮಫ್ಲರು, ದೇವರ ಸಣ್ಣ ಪಟಗಳು. ಸೀಮೆಎಣ್ಣೆ ಸ್ಟೌ ಎಂದಾಗ ಅವಳು ಫೋನಿನಲ್ಲೇ ಕೂಗಿದಳು: "ಬಟ್ಟೆ ಟೆಂಟಲ್ಲಿ ಸ್ಟೌ ಅಚ್ಚುತೀಯಾ?" ನೋಡು, ಬಟ್ಟೆ ಅಂತ ಅವಳೇ ಒಪ್ಪಿಕೊಂಡಳು ಎಂದು ನನಗೆ ಒಳಗೊಳಗೇ ಸಮಾಧಾನ. ಆದರೆ ನನ್ನ ಮಗಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು. "ಆಯ್ತು, ಸ್ಟೌ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ತಗೋ" ಎಂದುಬಿಟ್ಟಳು. ರಜೆಯೂ ಸಿಕ್ಕಿತು, ಟಿಕೆಟ್ಟೂ ಸಿಕ್ಕಿತು. ಗಂಗಮ್ಮ ಯೋಚನೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಹೀಗಿರುವಾಗ ಒಂದು ಸಂಜೆ ಚೌಡಪ್ಪ ಬಂದ. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಟೀ ಅಂಗಡಿ ಇಟ್ಟಿರುವ, ನನಗೆ ದೂರದಿಂದ ತಮ್ಮನಾಗಬೇಕಾದವನು. ಬಂದವನು ಕೂರಲಿಲ್ಲ. ಕೊಟ್ಟ ನೀರು ಕುಡಿಯಲಿಲ್ಲ. "ಅಕ್ಕಾ, ಮನೇಲಿ ಅಂತಾ ಬಾಗುಂದಾ?" ಎಂದು ತೆಲುಗಿನಲ್ಲಿ ಕೇಳಿದ. ಅವನು ತೆಲುಗಿನಲ್ಲಿ ಕ್ಷೇಮ ಕೇಳಿದರೆ ವಿಷಯ ಕ್ಷೇಮವಲ್ಲ ಎಂದೇ ಅರ್ಥ.

"ಯಾಕೋ? ಏನಾಯ್ತು?"

"ಏನಿಲ್ಲ ಬುಡು. ಬಾವ ಬೆಂಗ್ಳೂರಿಂದ ಬಂದು ಇಳೀತಾನೆ. ಸ್ಟೇಷನ್ ಬ್ರಿಡ್ಜ್ ಅತ್ತತಾನೆ, ಇಳೀತಾನೆ. ತಿರುಗಾ ಅತ್ತತಾನೆ, ಇಳೀತಾನೆ. ಈ ಕಡೆ ಗಾಡಿ ಬತ್ತದೆ, ಅತ್ತಲ್ಲ. ಬೆನ್ ಮೇಲೆ ಒಂದ್ ಬ್ಯಾಗು. ಮೊನ್ನೆ ಪೋಲೀಸಿನೋನು ತಡೆದು ಬ್ಯಾಗ್ ಬಿಚ್ಚುಸ್ದ. ಒಳಗೇನಿತ್ತು ಅಂತೀಯಾ? ಇಟ್ಟಿಗೆ!"

"ಇಟ್ಟಿಗೇನಾ?"

"ಪೇಪರ್ ಸುತ್ತಿ ಮಡಗವ್ನೆ. ಆ ಪೋಲೀಸಿನೋನು, ಏನಯ್ಯಾ, ಪ್ಲಾಟ್‌ಫಾರಮ್ಮಿಂದ ಪ್ಲಾಟ್‌ಫಾರಮ್ಮಿಗೆ ಇಟ್ಟಿಗೆ ಸಾಗಿಸಿ ಮನೆ ಕಟ್ತೀಯಾ ಅಂದ. ಜನ ಎಲ್ಲಾ ನಗ್ತಾವ್ರೆ. ನೀವಿಬ್ರೂ ಏನಾರಾ ಜಗಳ ಗಿಗಳ..."

ತುಳಸಿ ಕುಂಡದ ಕೆಳಗಿನ ಇಟ್ಟಿಗೆಗಳು ಎರಡು ವಾರದಿಂದ ಯಾಕೆ ಕಾಣುತ್ತಿಲ್ಲ ಎಂಬುದು ನನಗೆ ಆಗ ತಿಳಿಯಿತು. ಇವರು ಮನೆಗೆ ಬಂದ ಮೇಲೆ ಕೇಳಿದರೆ ನಾಚಿಕೆಯೇ ಇಲ್ಲ. "ಪ್ರಾಕ್ಟೀಸು. ಬೆಟ್ಟ ಅತ್ತಬೇಕಲ್ಲ" ಎಂದರು. "ಗಣೀಲಿ ಒಸಬರನ್ನ ಒಂದೇ ಸಲ ತಳಕ್ಕೆ ಇಳಿಸ್ತಿರ್ಲಿಲ್ಲ ಸರೋಜಾ. ಮೇಲ್ಗಡೆ ಮಟ್ಟದಲ್ಲಿ ಒಂದಷ್ಟು ದಿನ ಇಟ್ಕೊಂಡು, ಬಿಸಿ ತಡೆಯೋದು ಕಲಿಸಿ, ಆಮೇಲೆ ಕೆಳಕ್ಕೆ. ಬೆಟ್ಟಾನೂ ಅಂಗೇ. ಮೈಗೆ ಮೆಲ್ಲಗೆ ಕಲಿಸಿದ್ರೆ ಕಲೀತದೆ." ಹೇಳುತ್ತ ಹೇಳುತ್ತಲೇ ಕೆಮ್ಮು ಬಂತು. ಆ ಕೆಮ್ಮು ನಿಲ್ಲುವವರೆಗೆ ನಾನು ಗೋಡೆ ಹಿಡಿದು ನಿಂತಿದ್ದೆ. ಆಗಲೇ ನನಗೆ ಒಂದು ಉಪಾಯ ಹೊಳೆಯಿತು. "ಇಷ್ಟೆಲ್ಲ ಮಾಡೋಕೆ ಮೊದಲು ಎದೆ ಡಾಕ್ಟರಿಗೆ ತೋರಿಸಿಬಿಡೋಣ. ಅವರು ಹೂಂ ಅಂದ್ರೆ ನಾನು ತುಟಿ ಪಿಟಕ್ಕನ್ನಲ್ಲ" ಎಂದೆ. ದೇವರು ಯೋಚಿಸುತ್ತಲೇ ಕೂತಾಗ ಡಾಕ್ಟರನ್ನು ಸ್ವಲ್ಪ ಮುಂದಕ್ಕೆ ಸರಿಸುವುದರಲ್ಲಿ ತಪ್ಪೇನಿದೆ? ಈ ಎದೆಗೆ ಯಾವ ಡಾಕ್ಟರೂ ಹೂಂ ಅನ್ನುವುದಿಲ್ಲ ಎಂಬ ಧೈರ್ಯ ನನಗಿತ್ತು.

ಬಂಗಾರಪೇಟೆಯ ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಇವರು ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಮಗಳ ಮದುವೆಯಲ್ಲಿ ಹಾಕಿದ್ದ ಅಂಗಿ ಹಾಕಿಕೊಂಡರು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು, ಓಡಾಡಿಸಿದರು, ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದರು. ಕೊನೆಗೆ ಒಂದು ಕೊಳವೆಯನ್ನು ಬಾಯಿಗೆ ಕೊಟ್ಟು "ಊದಿ" ಎಂದರು. ಇವರು ಊದಿದರು. "ಇನ್ನೂ ಊದಿ, ಇನ್ನೂ, ಬಿಡಬೇಡಿ, ಇನ್ನೂ..." ಇವರ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣು ಮಾತ್ರ ಡಾಕ್ಟರಮ್ಮನ ಮುಖದ ಮೇಲೇ ಇತ್ತು. ಪರೀಕ್ಷೆಯಲ್ಲಿ ಪಾಸು ಮಾಡಿ ಅಂತ ಮೇಷ್ಟರನ್ನು ನೋಡುವ ಹುಡುಗನ ಹಾಗೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಇವರು ಯಾವುದನ್ನೂ ಅಷ್ಟು ಆಸೆಯಿಂದ ಬೇಡಿದ್ದನ್ನು ನಾನು ನೋಡಿರಲಿಲ್ಲ. ನನಗೇ ಗೊತ್ತಿಲ್ಲದೆ ನನ್ನ ಕೆನ್ನೆಯೂ ಉಬ್ಬಿತು. ನಾನೂ ಉಸಿರು ಕಟ್ಟಿ ಊದುತ್ತಿದ್ದೆ. ತಾಯೀ ಗಂಗಮ್ಮಾ, ಪಾಸಾಗಲಿ ತಾಯೀ, ಇದೊಂದು ಸಲ ಪಾಸಾಗಲಿ ಎಂದು ಒಳಗಿನಿಂದ ಕೂಗುತ್ತಿದ್ದೆ. ಎರಡು ತಿಂಗಳಿಂದ ಅವಳ ಮುಂದೆ ಇಟ್ಟ ಅರ್ಜಿ ಬೇರೆಯೇ ಇತ್ತು ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ.

ಡಾಕ್ಟರಮ್ಮ ಕಾಗದ ನೋಡಿ, ಇವರನ್ನು ನೋಡಿ, "ಪರವಾಗಿಲ್ಲವೇ!" ಎಂದರು. "ದೂಳಿನ ಗುರುತು ಇದೆ, ಆದರೆ ಜಾಸ್ತಿ ಆಗಿಲ್ಲ. ಏನಾದರೂ ವ್ಯಾಯಾಮ ಮಾಡ್ತಿದ್ದೀರಾ?"

"ಇಟ್ಟಿಗೆ ಒರ್ತೀನಿ ಡಾಕ್ಟ್ರೇ" ಎಂದರು ಇವರು.

ಒಂದೇ ಸಲ ಮೇಲೆ ಹೋಗಬಾರದು, ನಡುವಿನ ಊರಿನಲ್ಲಿ ನಿಂತು ನಿಂತು ಹೋಗಬೇಕು, ತಲೆನೋವೋ ಉಸಿರಾಟದ ಕಷ್ಟವೋ ಆದರೆ ಹಟ ಮಾಡದೆ ಇಳಿದುಬಿಡಬೇಕು, ಹೊರಡುವ ಮೊದಲು ಇನ್ನೊಮ್ಮೆ ತೋರಿಸಬೇಕು ಎಂದೆಲ್ಲ ಹೇಳಿ ಡಾಕ್ಟರಮ್ಮ ಹೂಂ ಎಂದೇಬಿಟ್ಟರು. ನಾನು ಸಂತೋಷದಿಂದಲೋ ಗಾಬರಿಯಿಂದಲೋ ಫಕ್ಕನೆ ಎದ್ದು ನಿಂತೆ. ನೆಲ ನನ್ನ ಜೊತೆ ಏಳಲಿಲ್ಲ. ಕಣ್ಣ ಮುಂದೆ ಹಿಮ ಬಿದ್ದ ಹಾಗೆ ಎಲ್ಲ ಬೆಳ್ಳಗಾಯಿತು. ಮತ್ತೆ ನೋಡುವಾಗ ನಾನು ಅದೇ ಕುರ್ಚಿಯಲ್ಲಿದ್ದೆ, ಡಾಕ್ಟರಮ್ಮ ನನ್ನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು.

"ರಕ್ತವೇ ಇಲ್ಲವಲ್ಲಮ್ಮಾ. ಊಟ ಏನು ಮಾಡ್ತೀರಿ?"

"ಮಾಡ್ತೀನಿ" ಎಂದೆ.

"ಎಲ್ಲಿ ಮಾಡ್ತಾಳೆ?" ಎಂದರು ಇವರು. "ಸೋಮವಾರ ಉಪವಾಸ, ಮಂಗಳವಾರ ಉಪವಾಸ, ಶುಕ್ರವಾರ, ಶನಿವಾರ. ಬರೀ ಕಾಫಿ."

"ಯಾಕಮ್ಮಾ ಇಷ್ಟೊಂದು? ಏನು ಹರಕೆ?"

ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು ಅನ್ನುತ್ತಾರೆ. ಗಂಡನ ಎದುರಿಗೆ ಡಾಕ್ಟರ ಹತ್ತಿರ ಏನು ಹೇಳಬೇಕೆಂದು ಯಾರೂ ಹೇಳಿಲ್ಲ. "ಪ್ರಯಾಣದ ವಿಷಯಕ್ಕೇ" ಎಂದೆ. ಇವರು ನನ್ನ ಕಡೆ ತಿರುಗಿ, ಪ್ರಯಾಣ ಸುಖವಾಗಿ ಆಗಲೆಂದು ಹೆಂಡತಿ ಹೊಟ್ಟೆ ಕಟ್ಟಿದ್ದಾಳೆ ಎಂದುಕೊಂಡು, ಕಣ್ಣು ತುಂಬಿಕೊಂಡರು. ನನಗೆ ನೆಲದೊಳಗೆ ಇಳಿದುಹೋಗುವ ಹಾಗಾಯಿತು.

ರಕ್ತ ಪರೀಕ್ಷೆಯೂ ಆಯಿತು. ಇಂಥ ರಕ್ತ ಇಟ್ಟುಕೊಂಡು ಅಂಥ ಎತ್ತರಕ್ಕೆ ಹೋಗಲು ತಾನು ಬಿಡುವುದಿಲ್ಲ ಎಂದರು ಡಾಕ್ಟರಮ್ಮ. ಮಾತ್ರೆ ಬರೆದುಕೊಟ್ಟರು. ಸೊಪ್ಪು, ಕಾಳು, ಬೆಲ್ಲ, ಹೊತ್ತು ಹೊತ್ತಿಗೆ ಊಟ. ಊಟದ ಹಿಂದೆಮುಂದೆ ಕಾಫಿ ಮುಟ್ಟುವ ಹಾಗಿಲ್ಲ. ಉಪವಾಸದ ಮಾತೇ ಇಲ್ಲ. ಬೇಸಿಗೆಯ ಹೊತ್ತಿಗೆ ರಕ್ತ ಏರಿದರೆ ಆಗ ನೋಡೋಣ ಎಂದರು. ಯಾರಿಗೂ ನೋವಾಗದ ಸಣ್ಣ ಅಡ್ಡಿ ಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದ್ದವಳು ನಾನೇ ತಾನೆ? ಗಂಗಮ್ಮ ಊರೆಲ್ಲ ಹುಡುಕಿ, ನನಗಿಂತ ಸಣ್ಣ ಅಡ್ಡಿ ಕಾಣದೆ, ನನ್ನನ್ನೇ ಆರಿಸಿದ್ದಳು.

ಹೊರಗೆ ಬಂದು ಇವರು ಹೇಳಿದ್ದು ಒಂದೇ ಮಾತು: "ಸರಿ ಬುಡು, ಓಗೋದು ಬ್ಯಾಡ."

"ನೀವು ಹೋಗಿ ಬನ್ನಿ. ಸುಮತಿ ಇರ್ತಾಳಲ್ಲ."

"ನೀನಿಲ್ದೆ ಅಲ್ಲಿ ನನ್ನ ಯಾರು ಬಯ್ತಾರೆ?" ಎಂದು ನಕ್ಕರು. ನಗು ಚೆನ್ನಾಗಿಯೇ ಇತ್ತು, ಸ್ವಲ್ಪ ಬೇಗ ಮುಗಿಯಿತು ಅಷ್ಟೆ. ಅವತ್ತು ಸ್ಟೇಷನ್ನಿನಲ್ಲಿ ಬ್ರಿಡ್ಜಿನ ಮೆಟ್ಟಿಲನ್ನು ಒಂದು ಸಲ ಹತ್ತಿ ಒಂದು ಸಲ ಇಳಿದೆವು, ಎಲ್ಲರ ಹಾಗೆ. ಚೌಡಪ್ಪ ಅಂಗಡಿಯಿಂದ ನೋಡಿ, ಸದ್ಯ ಎಲ್ಲ ಸರಿಹೋಯಿತು ಎನ್ನುವ ಹಾಗೆ ಕೈ ಎತ್ತಿದ. ಮನೆಗೆ ಬಂದವರು ಬ್ಯಾಗಿನಿಂದ ಇಟ್ಟಿಗೆ ತೆಗೆದು, ಪೇಪರು ಬಿಡಿಸಿ, ತುಳಸಿ ಕುಂಡದ ಕೆಳಗೆ ಮೊದಲಿನ ಹಾಗೇ ಜೋಡಿಸಿದರು. ಪೇಪರನ್ನು ಮಡಿಸಿ ಒಳಗಿಟ್ಟರು.

ನಾನು ಗೆದ್ದಿದ್ದೆ. ಕೇಳಿದ್ದು ಕೇಳಿದ ಹಾಗೇ ಸಿಕ್ಕಿತ್ತು. ಇನ್ನು ತಂಬಿಟ್ಟು ಕುಟ್ಟಿ ದೀಪ ಹೊರುವುದೊಂದೇ ಬಾಕಿ. ಆದರೆ ಮರುದಿನ ಕುಟ್ಟಲೆಂದು ಅಕ್ಕಿ ನೆನೆಸಲು ಹೋದರೆ ಕೈ ಏಳಲಿಲ್ಲ. ಆ ವಾರ ಇವರು ಹೊತ್ತಿಗೆ ಸರಿಯಾದ ಗಾಡಿಗೆ ಬಂದರು, ಹಾಕಿದ್ದನ್ನು ಉಂಡರು, ಹಿಮದ ಮಾತೆತ್ತಲಿಲ್ಲ. ಕೆಮ್ಮು ಮಾತ್ರ ಎಂದಿನಂತೆ ಬೆಳಿಗ್ಗೆ ಎದ್ದು ತನ್ನ ಕೆಲಸ ಮಾಡುತ್ತಿತ್ತು. ಇಷ್ಟು ವರ್ಷ ಕೆಳಗಿನಿಂದ ಇವರು ಮೇಲೆ ಬರಲಿ ಎಂದು ಬಾಗಿಲಲ್ಲಿ ನಿಂತು ಬೇಡಿಕೊಂಡವಳು ನಾನು. ಈಗ ಮೇಲೆ ಹೋಗುತ್ತೇನೆಂದರೆ ಅಂಗಿ ಹಿಡಿದು ಎಳೆದವಳೂ ನಾನೇ.

ಗೋಡೆಯಾಚೆಯವಳಿಗೆ ಎಲ್ಲವೂ ಗೊತ್ತಾಗಿತ್ತು. ಶನಿವಾರ ಬೆಳಿಗ್ಗೆ ಸೆಲ್ವಿ ಒಂದು ದೊಡ್ಡ ನುಗ್ಗೆ ಕೊಂಬೆಯನ್ನೇ ಕಡಿದುಕೊಂಡು ಬಂದು ನನ್ನ ಮುಂದೆ ದೊಪ್ಪನೆ ಹಾಕಿದಳು.

"ಇವತ್ತು ಶನಿವಾರ ಕಣೇ" ಎಂದೆ.

"ಗೊತ್ತು. ಬೆಟ್ಟದ್ ಮೇಲಿರೋ ಸಾಮಿ ತಾನೇ ಶನಿವಾರದ ಸಾಮಿ? ನೀನು ಬೆಟ್ಟ ಅತ್ತಕ್ಕೆ ತಿಂತೀನಿ ಅಂದ್ರೆ ಆತ ಬ್ಯಾಡ ಅಂತಾನಾ? ಮೈಯಲ್ಲಿ ಒಂದ್ ತೊಟ್ಟು ರಕ್ತ ಇಲ್ಲ, ಭಕ್ತಿ ಮಾತ್ರ ಕೊಡ ತುಂಬ! ಸಾಪುಡು ಅಕ್ಕಾ, ಸಾಪುಡು." ತಿನ್ನು ತಿನ್ನು ಎಂದು ಬೈದು, ನನ್ನ ಉತ್ತರಕ್ಕೆ ಕಾಯದೆ ಹೋದಳು.

ನಾನು ದೇವರ ಗೂಡಿನ ಮುಂದೆ ನಿಂತು ಗಂಗಮ್ಮನಿಗೆ ಎಲ್ಲವನ್ನೂ ಹೇಳಿಕೊಂಡೆ. ಹರಕೆಯನ್ನು ಇಳಿಸುತ್ತಿಲ್ಲ ತಾಯೀ, ತಿರುಗಿಸುತ್ತಿದ್ದೇನೆ. ದೀಪ ಹೊರುವುದು ಹೊತ್ತೇ ಹೊರುತ್ತೇನೆ, ಹೋಗಿ ಬಂದ ಮೇಲೆ. ಆಮೇಲೆ ಸುಮತಿಗೆ ಫೋನು ಮಾಡಿದೆ. "ಆ ಟೆಂಟನ್ನ ಬೇರೆ ಯಾರಿಗೂ ಕೊಡಬೇಡಿ ಅಂತ ಅವರಿಗೆ ಹೇಳೇ" ಎಂದೆ. "ಅಮ್ಮಾ, ನೀನೇನಾ ಮಾತಾಡ್ತಿರೋದು?" ಎಂದಳು.

ಸೊಪ್ಪು ಬಿಡಿಸಲು ಕೂತೆ. ಕೂತ ತಕ್ಷಣ ನ್ಯಾಯವಾಗಿ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಬೇಸಿಗೆಯ ಹೊತ್ತಿಗೆ ರಕ್ತ ಏರದಿದ್ದರೆ? ನಾವು ಹೋಗುವಷ್ಟರಲ್ಲಿ ಅಲ್ಲಿಯ ಹಿಮವೆಲ್ಲ ಕರಗಿಹೋಗಿದ್ದರೆ? ಪ್ರಾಕ್ಟೀಸು ನಿಲ್ಲಿಸಿದ್ದಕ್ಕೆ ಇವರ ಎದೆ ಮತ್ತೆ ಹಿಂದಕ್ಕೆ ಬಿದ್ದರೆ? ಹೋಗುತ್ತಾರಲ್ಲಾ ಎಂದು ಇಷ್ಟು ದಿನ ಹೆದರಿದ ಅದೇ ಎದೆ, ಹೋಗಲಾಗದಿದ್ದರೆ ಎಂದು ಅಷ್ಟೇ ನಿಷ್ಠೆಯಿಂದ ಹೊಡೆದುಕೊಳ್ಳುತ್ತಿತ್ತು. ಕೆಲವರಿಗೆ ಕಾರಣ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ.

ಇವರು ಬಂದು ಬಾಗಿಲಲ್ಲಿ ನಿಂತು, ಮೊರದ ತುಂಬ ಸೊಪ್ಪನ್ನೂ ನನ್ನನ್ನೂ ನೋಡಿದರು.

"ಇವತ್ತು ಶನಿವಾರ ಅಲ್ವಾ?"

"ಹೌದು. ಸುಮ್ನೆ ನಿಲ್ಲಬೇಡಿ, ಒಗ್ಗರಣೆಗೆ ಬೆಳ್ಳುಳ್ಳಿ ಸುಲಿದುಕೊಡಿ. ಸಂಜೆ ಆ ಬ್ರಿಡ್ಜಿನ ಹತ್ತಿರ ಹೋಗೋದಿದ್ರೆ ನನ್ನೂ ಕರ್ಕೊಂಡೋಗಿ."

ಇವರು ಬೆಳ್ಳುಳ್ಳಿಯ ಬುಟ್ಟಿ ಎಳೆದುಕೊಂಡು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಇನ್ನೊಂದು ಎಳೆ ಕಡ್ಡಿ ಎತ್ತಿಕೊಂಡು ಸೊಪ್ಪು ಬಿಡಿಸತೊಡಗಿದೆ.